ಅರೇಬಿಕಾ ಕಾಫಿ ಗಿಡ ಒಂದೊಂದಾಗಿ ಸೊರಗುತ್ತಿದ್ದರೆ

ಇದು ಬಹುತೇಕ ಬಿಳಿ ಕಾಂಡಕೊರಕ, ಕಾಂಡದೊಳಗೆ ಕೊರೆಯುವ ಹುಳು, ನಾವು ಬೋರರ್ ಅನ್ನೋದು. ನೆರಳು ತೆಳುವಾದ ಕಡೆ ಅರೇಬಿಕಾ ಎಲೆ ಹಳದಿಯಾಗಿ ಗಿಡ ಸೊರಗುತ್ತಿದೆ, ಪಕ್ಕದ ರೊಬಸ್ಟಾ ಕಾಫಿ ಚೆನ್ನಾಗಿದೆ ಅಂದಿದ್ದೀರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮಲ್ಲೂ ಬಿಸಿಲು ಬೀಳುವ ಅಂಚಿನಿಂದಲೇ ಶುರುವಾಗಿತ್ತು.

ಮೊದಲು ಕಾಂಡದ ಮೇಲೆ ಕೈಯಾಡಿಸಿ. ತೊಗಟೆಯಡಿ ಹಗ್ಗ ಸುತ್ತಿದ ಹಾಗೆ ಉಬ್ಬಿದ ಗೆರೆ ಸಿಗುತ್ತದೆ. ಅಲ್ಲಿ ಸೀಳಿದರೆ ಒಳಗೆ ಒತ್ತಾಗಿ ತುಂಬಿದ ಮರದ ಪುಡಿ. ಗೆರೆಯೂ ಇಲ್ಲ, ಪುಡಿಯೂ ಇಲ್ಲ ಅಂದರೆ ಬೇರು ರೋಗ ಇರಬಹುದು, ಬುಡ ಬಿಡಿಸಿ ನೋಡಿ.

ಬೋರರ್ ಆಗಿದ್ದರೆ ಆ ಗಿಡಕ್ಕೆ ಔಷಧಿ ಹೊಡೆದು ಉಳಿಸಲು ಹೋಗಬೇಡಿ. ಬೇರುಸಹಿತ ಕಿತ್ತು ಅವತ್ತೇ ಸುಡಿ. ಸೌದೆಗೆಂದು ಮನೆ ಹಿಂದೆ ಪೇರಿಸಿಟ್ಟರೆ ಒಳಗಿನ ಹುಳು ದುಂಬಿಯಾಗಿ ಅಲ್ಲಿಂದಲೇ ಹೊರಬಂದು ತೋಟಕ್ಕೆ ಹಾರುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ದುಂಬಿ ಹಾರುವುದು ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಅದಕ್ಕೆ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಸಾಲು ಹಿಡಿದು ಪ್ರತಿ ಗಿಡ ನೋಡಿ. ಉಳಿದ ಗಿಡಗಳ ಕಾಂಡಕ್ಕೂ ದಪ್ಪ ರೆಂಬೆಗೂ 200 ಲೀಟರ್ ನೀರಿಗೆ 20 ಕೆಜಿ ಸುಣ್ಣ ಕಲಸಿ ಹೊಡೆಸಿ. ಈ ಸಲ ಆ ಭಾಗದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಕಡಿಮೆ ಮಾಡಿಸಿ, ಖಾಲಿ ಜಾಗಕ್ಕೆ ಮಳೆ ಹಿಡಿದ ಕೂಡಲೇ ನೆರಳಿನ ಗಿಡ ನೆಡಿ.