ಆ ಎರಡು ಸಿಗರೇಟುಗಳನ್ನು ಬಿಡಿ, ತಲೆ ತಗ್ಗಿಸುವುದನ್ನೂ ಬಿಡಿ

ಓದುಗರ ಪತ್ರ: "ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ದಿನಕ್ಕೊಂದು ಪ್ಯಾಕೆಟ್ ಸಿಗರೇಟು ಸೇದಿದವನು ನಾನು. ಎರಡು ವರ್ಷಗಳಿಂದ ವೇಪ್, ಅಂದರೆ ನಿಕೋಟಿನ್ ದ್ರವವನ್ನು ಆವಿ ಮಾಡಿ ಎಳೆಯುವ ಇ-ಸಿಗರೇಟು ಬಳಸುತ್ತಿದ್ದೇನೆ. ನಾನಿರುವ ದೇಶದಲ್ಲಿ ಅದರ ಮಾರಾಟಕ್ಕೆ ಅನುಮತಿಯಿದೆ. ಬೆಳಗಿನ ಕೆಮ್ಮು ನಿಂತಿದೆ, ಮೂಗಿಗೆ ವಾಸನೆ ಮರಳಿದೆ. ಆದರೆ ಸಿಗರೇಟು ಸೇದುವಾಗ ಏನೂ ಅನ್ನದಿದ್ದ ಸಹೋದ್ಯೋಗಿಗಳು ಈಗ ಮುಖ ಸಿಂಡರಿಸುತ್ತಾರೆ. 'ಎರಡೂ ಒಂದೇ, ಇದು ಇನ್ನೂ ಅಪಾಯ' ಎಂದು ನನ್ನ ವೈದ್ಯರೇ ಹೇಳಿದರು. ಊಟದ ನಂತರದ ಎರಡು ಸಿಗರೇಟು ಮಾತ್ರ ಇನ್ನೂ ಬಿಟ್ಟಿಲ್ಲ, ಅಷ್ಟರಿಂದ ತೊಂದರೆಯಿಲ್ಲ ಎಂದುಕೊಂಡಿದ್ದೇನೆ. ನಿಜವಾಗಿ ಎರಡೂ ಒಂದೇ ಆಗಿದ್ದರೆ ನಾನೇಕೆ ಇಷ್ಟು ಒದ್ದಾಡಬೇಕು? ಮತ್ತೆ ಸಿಗರೇಟಿಗೇ ಹೋಗಿಬಿಡಲೇ? ದಯವಿಟ್ಟು ನನ್ನ ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಬೇಡ. ಖಂಡಿತ ಬೇಡ. ನನ್ನ ಉತ್ತರ ಉದ್ದವಾಗಲಿದೆ. ಪೂರ್ತಿ ಓದುವ ಪುರುಸೊತ್ತು ಸಿಗದಿದ್ದರೆ ಈ ಒಂದು ಮಾತನ್ನಾದರೂ ನೆನಪಿಡಿ.

ನಿಮ್ಮ ಪತ್ರವನ್ನು ಓದಿ ಮೊದಲು ಸಂತೋಷವಾಯಿತು, ಆಮೇಲೆ ಸಿಟ್ಟು ಬಂತು. ಎರಡು ದಶಕ ಅಂಟಿಕೊಂಡ ಚಟವನ್ನು ಹೆಚ್ಚುಕಡಿಮೆ ಕಳಚಿಹಾಕಿದವರಿಗೆ ಮನೆಯವರು, ಸ್ನೇಹಿತರು, ವೈದ್ಯರು ಸೇರಿ ಬೆನ್ನು ತಟ್ಟಬೇಕಿತ್ತು. ನಿಮಗೆ ಸಿಕ್ಕಿದ್ದು ಸಿಂಡರಿಸಿದ ಮುಖಗಳು. ಸಾಲದ್ದಕ್ಕೆ ತಿಳಿದವರೇ ತಪ್ಪು ಮಾತು ಹೇಳಿ ನಿಮ್ಮನ್ನು ಹಳೆಯ ಹಾದಿಗೆ ತಳ್ಳಲು ನೋಡಿದ್ದಾರೆ.

ಎರಡೂ ಒಂದೇ ಎನ್ನುವವರು ಎರಡರೊಳಗೂ ಏನು ನಡೆಯುತ್ತದೆಂದು ನೋಡಬೇಕು. ಸಿಗರೇಟನ್ನು ಎಳೆದಾಗ ಅದರ ತುದಿಯ ಕೆಂಡ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಆ ಬೆಂಕಿಯಲ್ಲಿ ಎಲೆ ಸುಟ್ಟು ಸಾವಿರಾರು ರಾಸಾಯನಿಕಗಳು ಹುಟ್ಟುತ್ತವೆ. ಅವುಗಳಲ್ಲಿ ಎಪ್ಪತ್ತರಷ್ಟು ಕ್ಯಾನ್ಸರ್ ತರುವಂಥವು. ಶ್ವಾಸಕೋಶಕ್ಕೆ ಮೆತ್ತಿಕೊಳ್ಳುವ ಟಾರ್, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಬಳಿಸುವ ಕಾರ್ಬನ್ ಮಾನಾಕ್ಸೈಡ್ ಎರಡೂ ಉರಿಯುವುದರಿಂದಲೇ ಬರುವಂಥವು. ನಿಮ್ಮ ಕೈಯಲ್ಲಿರುವ ಸಾಧನದಲ್ಲಿ ಒಂದು ಬ್ಯಾಟರಿ, ಕಾಯಿಲ್ ಎಂಬ ಒಂದು ಪುಟ್ಟ ತಂತಿಸುರುಳಿ, ಅದರ ನಡುವೆ ದ್ರವದಲ್ಲಿ ನೆನೆದ ಹತ್ತಿ ಇವೆ. ದ್ರವವೆಂದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಸುವಾಸನೆ. ಕಾಯಿಲ್ ಬಿಸಿಯಾಗಿ ದ್ರವ ಆವಿಯಾಗುತ್ತದೆ, ಅಷ್ಟೆ. ಅಲ್ಲಿ ಎಲೆಯೂ ಇಲ್ಲ, ಕೆಂಡವೂ ಇಲ್ಲ.

"ಜನ ಸೇದುವುದು ನಿಕೋಟಿನ್‌ಗಾಗಿ, ಸಾಯುವುದು ಟಾರ್‌ನಿಂದ" ಎಂದು ಬ್ರಿಟನ್ನಿನ ಮನೋವೈದ್ಯ ಮೈಕೆಲ್ ರಸೆಲ್ 1976ರಲ್ಲೇ ಬರೆದಿದ್ದರು. ಅರ್ಧ ಶತಮಾನ ಕಳೆಯುತ್ತಾ ಬಂದರೂ ಆ ಮಾತು ನಿಮ್ಮ ವೈದ್ಯರ ಕೊಠಡಿಯನ್ನು ತಲುಪಿಲ್ಲ. ನಿಕೋಟಿನ್ ಸಾಧು ವಸ್ತುವೆಂದು ನಾನು ಹೇಳುತ್ತಿಲ್ಲ. ಅದು ಚಟ ಹಿಡಿಸುತ್ತದೆ, ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ, ಗರ್ಭಿಣಿಯರಿಗೂ ಬೆಳೆಯುವ ಮಕ್ಕಳಿಗೂ ಕೂಡದು. ಆದರೆ ಅದೇ ನಿಕೋಟಿನ್ ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿ, ಜಗಿಯುವ ಗಮ್ ಆಗಿ 2009ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಚರ್ಮಕ್ಕೆ ಅಂಟಿಸಿದಾಗ ಔಷಧವಾದದ್ದು ಆವಿಯಲ್ಲಿ ಬಂದಾಗ ಸಿಗರೇಟಿಗಿಂತ ಘೋರ ವಿಷವಾಗುವುದು ಹೇಗೆ? ಮುಂದಿನ ಭೇಟಿಯಲ್ಲಿ ಈ ಪ್ರಶ್ನೆಯನ್ನು ನಿಮ್ಮ ವೈದ್ಯರ ಮುಂದಿಡಿ. ವಿನಯದಿಂದಲೇ ಇಡಿ, ಆದರೆ ಉತ್ತರ ಸಿಗುವವರೆಗೆ ಎದ್ದು ಬರಬೇಡಿ.

2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ, ಇ-ಸಿಗರೇಟಿನ ಹಾನಿ ಧೂಮಪಾನಕ್ಕಿಂತ ಸುಮಾರು ಶೇಕಡ 95ರಷ್ಟು ಕಡಿಮೆ ಎಂದಿತು. ಮರುವರ್ಷ ಅಲ್ಲಿನ ವೈದ್ಯರ ಸಂಸ್ಥೆಯಾದ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿತು. ಆ 95 ಎಂಬುದು ತಜ್ಞರ ಅಂದಾಜೇ ಹೊರತು ಅಳೆದು ಪಡೆದ ಅಂಕಿಯಲ್ಲ ಎಂದು ಆಕ್ಷೇಪಿಸಿದವರಿದ್ದಾರೆ. ಆಕ್ಷೇಪ ಸರಿಯೇ. ನಲವತ್ತು ವರ್ಷ ಈ ಆವಿಯನ್ನೇ ಎಳೆದವರು ಇನ್ನೂ ಯಾರೂ ಇಲ್ಲ. 2003ರಲ್ಲಿ ಚೀನಾದ ಔಷಧತಜ್ಞ ಹೋನ್ ಲಿಕ್ ರೂಪಿಸಿದ ಸಾಧನದ ಸಂತತಿ ಇದು. ಅವರೂ ವಿಪರೀತ ಸಿಗರೇಟು ಸೇದುತ್ತಿದ್ದವರು, ತಂದೆಯನ್ನು ಶ್ವಾಸಕೋಶದ ಕ್ಯಾನ್ಸರಿಗೆ ಕಳೆದುಕೊಂಡವರು. ಅಂಕಿ 95 ಇರಲಿ, 80 ಇರಲಿ. ದಿನಕ್ಕೊಂದು ಪ್ಯಾಕೆಟ್ ಸುಡುತ್ತಿದ್ದವರಿಗೆ ಯಾವ ದಿಕ್ಕಿಗೆ ಹೋಗಬೇಕೆಂಬುದು ಅದರಿಂದ ಬದಲಾಗುವುದಿಲ್ಲ.

ಇನ್ನು ಬಿಡಿಸುವ ಶಕ್ತಿಯ ಮಾತು. 2019ರಲ್ಲಿ ಬ್ರಿಟನ್ನಿನಲ್ಲಿ 886 ಮಂದಿಯ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ಬಳಿಕವೂ ಸಿಗರೇಟಿನಿಂದ ದೂರ ಉಳಿದವರು ಇ-ಸಿಗರೇಟಿನ ಗುಂಪಿನಲ್ಲಿ ಶೇ. 18, ಪಟ್ಟಿ, ಗಮ್ ಮುಂತಾದವುಗಳ ಗುಂಪಿನಲ್ಲಿ ಶೇ. 9.9. ಹಾಗೆ ಗೆದ್ದವರಲ್ಲಿ ಶೇ. 80ರಷ್ಟು ಮಂದಿ ವರ್ಷದ ಕೊನೆಗೂ ವೇಪ್ ಬಿಟ್ಟಿರಲಿಲ್ಲ ಎಂಬುದನ್ನೂ ಹೇಳಬೇಕು. ವಿರೋಧಿಗಳು ಇದನ್ನೇ ಎತ್ತಿ ಹಿಡಿಯುತ್ತಾರೆ. ಹಿಡಿಯಲಿ. ಸಾವಿನ ದವಡೆಯಿಂದ ತಪ್ಪಿಸಿಕೊಂಡವನು ಊರುಗೋಲನ್ನು ಇನ್ನೂ ಬಿಟ್ಟಿಲ್ಲವೆಂದು ಬೈಯುವ ಜಾತಿಯವನಲ್ಲ ನಾನು.

ಇಷ್ಟೆಲ್ಲ ಇದ್ದರೂ ಜನರ ಮನಸ್ಸಿನಲ್ಲಿ ಕೂತಿರುವುದು ಬೇರೆಯೇ. ಬ್ರಿಟನ್ನಿನಂಥ, ಸರ್ಕಾರವೇ ವೇಪ್‌ಗೆ ಬದಲಾಗಿ ಎಂದು ಹೇಳುವ ದೇಶದಲ್ಲೂ, ಇದು ಸಿಗರೇಟಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಹಾನಿಕರ ಎಂದು ನಂಬುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಬಂದಿದ್ದಾರೆ. ಇದರಲ್ಲಿ ನನ್ನ ವೃತ್ತಿಯವರ ಪಾಲು ದೊಡ್ಡದು. 2019ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ತೀವ್ರ ಕಾಯಿಲೆಯೊಂದು ಹಬ್ಬಿತು. 2020ರ ಫೆಬ್ರುವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು, ಇಲ್ಲವೇ ಪ್ರಾಣ ಬಿಟ್ಟಿದ್ದರು. ಸತ್ತವರು 68. "ವೇಪಿಂಗ್‌ಗೆ ಬಲಿ" ಎಂಬ ಧಾಟಿಯ ಶೀರ್ಷಿಕೆಗಳು ಜಗತ್ತನ್ನೆಲ್ಲ ಸುತ್ತಿದವು. ತನಿಖೆಯಲ್ಲಿ ಮುಖ್ಯವಾಗಿ ಬೆರಳು ತೋರಿದ್ದು ಕಳ್ಳ ಮಾರುಕಟ್ಟೆಯ ಗಾಂಜಾ ಎಣ್ಣೆಯ ಕಡೆಗೆ, ಅದನ್ನು ಮಂದ ಮಾಡಲು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಕಡೆಗೆ. ಈ ಸುದ್ದಿ ಒಳಪುಟಕ್ಕೆ ಹೋಯಿತು. ಮೊದಲ ಸುದ್ದಿ ಹುಟ್ಟಿಸಿದ ಭಯ ಮಾತ್ರ ಇವತ್ತಿಗೂ ನಿಮ್ಮ ಸಹೋದ್ಯೋಗಿಗಳ ಮುಖದ ಮೇಲಿದೆ. ಆವಿಯಲ್ಲಿ ಲೋಹದ ಕಣ ಸಿಕ್ಕಿತು ಎಂದು ಬರೆಯುವವರು ಎಷ್ಟು ಸಿಕ್ಕಿತು, ಸಿಗರೇಟಿನ ಹೊಗೆಯಲ್ಲಿ ಎಷ್ಟಿದೆ ಎಂಬುದನ್ನು ಪಕ್ಕದಲ್ಲಿಟ್ಟು ಬರೆಯುವುದಿಲ್ಲ. ಪ್ರಮಾಣ ಹೇಳದ ವಿಷದ ಸುದ್ದಿಯನ್ನು ಅಚ್ಚು ಹಾಕಬಾರದು ಎಂದು ನಾನು ವಾದಿಸುತ್ತಲೇ ಬಂದಿದ್ದೇನೆ.

ಮಕ್ಕಳ ವಿಷಯದಲ್ಲಿ ಆತಂಕಪಡುವವರ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಅಮೆರಿಕದ ಪ್ರೌಢಶಾಲೆಗಳಲ್ಲಿ 2019ರಲ್ಲಿ ಶೇ. 27.5 ವಿದ್ಯಾರ್ಥಿಗಳು ಇದನ್ನು ಬಳಸುತ್ತಿದ್ದರು. 2024ಕ್ಕೆ ಅದು ಶೇ. 7.8ಕ್ಕೆ ಇಳಿದಿದೆ. ಮಿಠಾಯಿಯಂತೆ ಬಣ್ಣ ಬಳಿದು ಮಕ್ಕಳ ಕಣ್ಣಿಗೆ ಬೀಳುವಂತೆ ಮಾರುವವರನ್ನು ಕಠಿಣವಾಗಿ ದಂಡಿಸಲಿ. ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನು 2025ರ ಜೂನ್ 1ರಿಂದ ಬ್ರಿಟನ್ ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ಆದರೆ ಮಕ್ಕಳ ಹೆಸರು ಹೇಳಿ ನಲವತ್ತು ದಾಟಿದ ಧೂಮಪಾನಿಯ ಕೈಯಿಂದ ದಾರಿಯನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ. ಕಾನೂನುಗಳನ್ನು ಒಮ್ಮೆ ನೋಡಿ. ಯುರೋಪಿಯನ್ ಒಕ್ಕೂಟ ದ್ರವದ ನಿಕೋಟಿನ್‌ಗೆ ಪ್ರತಿ ಮಿಲಿಲೀಟರಿಗೆ 20 ಮಿಲಿಗ್ರಾಂ ಎಂದು ಮಿತಿ ಹಾಕಿತು, ಸೀಸೆಗೆ 10 ಮಿಲಿಲೀಟರ್ ಎಂದು ಮಿತಿ ಹಾಕಿತು, ಮಾರಲು ಬಿಟ್ಟಿತು. ಇದು ವಿವೇಕದ ಹಾದಿ. ಆಸ್ಟ್ರೇಲಿಯಾ 2024ರಲ್ಲಿ ಎಲ್ಲವನ್ನೂ ಔಷಧದ ಅಂಗಡಿಯೊಳಗೆ ತಳ್ಳಿತು; ಸಿಗರೇಟು ಮಾತ್ರ ಮೊದಲಿನಂತೆ ಸಾಮಾನ್ಯ ಅಂಗಡಿಯಲ್ಲೇ ಉಳಿಯಿತು. ಅಲ್ಲಿ ಕಳ್ಳ ತಂಬಾಕು ಮತ್ತು ವೇಪ್ ದಂಧೆಯ ಗುಂಪುಗಳು ಅಂಗಡಿಗಳಿಗೆ ಬೆಂಕಿ ಹಚ್ಚುವುದು ವರ್ಷಗಳಿಂದ ನಡೆದಿದೆ. ಸಿಂಗಪುರದಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಭಾರತ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು, ಡಿಸೆಂಬರಿನಲ್ಲಿ ಕಾಯ್ದೆ ಮಾಡಿ, ತಯಾರಿಕೆಯಿಂದ ಜಾಹೀರಾತಿನವರೆಗೆ ಎಲ್ಲವನ್ನೂ ನಿಷೇಧಿಸಿತು. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೀಡಿ, ಸಿಗರೇಟಿಗೆ ನಿಷೇಧವಿಲ್ಲ. ಜಪಾನಿನಲ್ಲಿ ನಿಕೋಟಿನ್ ದ್ರವ ಔಷಧದ ಕಾನೂನಿಗೆ ಸೇರಿದ್ದು, ಅನುಮತಿಯಿಲ್ಲದೆ ಮಾರುವಂತಿಲ್ಲ. ಅಲ್ಲಿನ ದೊಡ್ಡ ಸಿಗರೇಟು ಕಂಪನಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಷೇರು ಸರ್ಕಾರದ ಕೈಯಲ್ಲಿದೆ. ಹೆಚ್ಚು ಕೊಲ್ಲುವುದನ್ನು ಮಾರಲು ಬಿಟ್ಟು ಕಡಿಮೆ ಹಾನಿಯದನ್ನು ಅಟ್ಟುವ ಕಾನೂನನ್ನು ಆರೋಗ್ಯದ ಕಾನೂನು ಎಂದು ಒಪ್ಪಿಕೊಳ್ಳಲು ನನ್ನಿಂದಾಗದು.

ಈ ಕಾನೂನು ಬರೆಯುವವರು ಬಳಸುವವರ ಜೊತೆ ಕೂತು ಮಾತಾಡಿದ್ದಾರೆಯೇ? ನನಗೆ ಆಪ್ತರಾದ, ಕರಡು ತಿದ್ದುವ ಹಿರಿಯರೊಬ್ಬರಿದ್ದಾರೆ. ಹದಿಹರೆಯದಲ್ಲಿ ಹಿಡಿದ ಸಿಗರೇಟನ್ನು ಬಿಡಲು ಪಟ್ಟಿ ಅಂಟಿಸಿಕೊಂಡರು, ಗಮ್ ಜಗಿದರು, ಫಲವಾಗಲಿಲ್ಲ. ವೇಪ್ ಕೊಂಡಾಗಲೂ ಮೊದಲ ವಾರ ಸೋತರು. ಸಿಗರೇಟಿನಂತೆ ಗಬಕ್ಕನೆ ಎಳೆಯುತ್ತಿದ್ದರು, ಗಂಟಲು ಉರಿದು ಕೆಮ್ಮು ಬರುತ್ತಿತ್ತು. ಹೊಸ ಕಾಯಿಲ್ ಹಾಕಿದ ಕೂಡಲೇ ಸೇದಿ ಹತ್ತಿ ಕರಟಿ ಬಾಯೆಲ್ಲ ಸುಟ್ಟ ವಾಸನೆಯಾಗುತ್ತಿತ್ತು. ನಿಧಾನವಾಗಿ, ಉದ್ದಕ್ಕೆ ಎಳೆಯಬೇಕೆಂದು, ದ್ರವ ತುಂಬಿದ ಮೇಲೆ ಹತ್ತಿ ನೆನೆಯಲು ಹತ್ತು ನಿಮಿಷ ಬಿಡಬೇಕೆಂದು, ದಿನಕ್ಕೊಂದು ಪ್ಯಾಕೆಟ್ ಸೇದುವವರಿಗೆ ತೀರಾ ಕಡಿಮೆ ನಿಕೋಟಿನ್ ದ್ರವ ಸಾಲದೆಂದು ಅವರಿಗೆ ಕಲಿಸಿದ್ದು ಅವರಷ್ಟೇ ಹಳೆಯ ಇನ್ನೊಬ್ಬ ಧೂಮಪಾನಿ. ತಂಬಾಕಿನ ರುಚಿಯಿಂದ ಶುರುಮಾಡಿ ಹಣ್ಣಿನ ರುಚಿಗೆ ಬಂದರು, ಏಕೆಂದರೆ ತಂಬಾಕಿನ ರುಚಿ ಅವರಿಗೆ ಸಿಗರೇಟನ್ನು ನೆನಪಿಸುತ್ತಲೇ ಇತ್ತು. ಹಣ್ಣಿನ ರುಚಿ ಮಕ್ಕಳಿಗಷ್ಟೇ ಎನ್ನುವವರು ಇಂಥವರನ್ನು ಒಮ್ಮೆ ಮಾತಾಡಿಸಬೇಕು. ಬಿಡುವ ವಿದ್ಯೆಯೆಲ್ಲ ಹೀಗೆ ಬಾಯಿಂದ ಬಾಯಿಗೆ ದಾಟಿದೆ. ಆಸ್ಪತ್ರೆಯ ಕರಪತ್ರಗಳಲ್ಲಿ ಅದರ ಸುಳಿವಿಲ್ಲ.

ಇದು ವೇಪ್ ಒಂದರ ಕಥೆಯಲ್ಲ. 1984ರಲ್ಲಿ ಆಂಸ್ಟರ್‌ಡ್ಯಾಮ್‌ನಲ್ಲಿ ಮಾದಕದ್ರವ್ಯ ಚುಚ್ಚಿಕೊಳ್ಳುವವರಿಗೆ ಶುದ್ಧ ಸೂಜಿ ಕೊಡಲು ಆರಂಭಿಸಿದರು. ಏಡ್ಸ್ ಹಬ್ಬುತ್ತಿದ್ದಂತೆ ಅದು ಎಷ್ಟು ಜೀವ ಉಳಿಸುವ ಕ್ರಮವೆಂದು ಗೊತ್ತಾಯಿತು. ಆದರೂ ಸೂಜಿ ಕೊಟ್ಟರೆ ಚಟವನ್ನು ಪೋಷಿಸಿದಂತೆ ಎಂದು ವರ್ಷಗಟ್ಟಲೆ ತಡೆದ ಸರ್ಕಾರಗಳಿದ್ದವು, ಆ ತಡೆಯ ಬೆಲೆಯನ್ನು ತೆತ್ತವರು ಬೇರೆಯವರು. ಚಟಕ್ಕೆ ಬಿದ್ದವನು ಪೂರ್ತಿ ಶುದ್ಧನಾಗಿ ಬರಲಿ, ಇಲ್ಲವೇ ಸಾಯಲಿ ಎಂಬ ಈ ನಿಲುವು ನನಗೆ ಮೊದಲಿನಿಂದಲೂ ಹಿಡಿಸಿಲ್ಲ. ಸಹಾಯಕ್ಕೆ ಬಂದವನ ಗುಣನಡತೆ ಪರೀಕ್ಷಿಸಿ ಔಷಧ ಕೊಡುವುದು ವೈದ್ಯರ ಕೆಲಸವಲ್ಲ. ತಂಬಾಕು ಪ್ರತಿವರ್ಷ 70 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕೊಲ್ಲುತ್ತಿದೆ. ಇಷ್ಟು ಜನ ಸಾಯುತ್ತಿರುವಾಗ ಸ್ವಲ್ಪ ಒಳ್ಳೆಯದು ಎನ್ನುವುದನ್ನು ತಿರಸ್ಕರಿಸುವ ಅಧಿಕಾರ ಯಾರಿಗಿದೆ?

ಇನ್ನು ನಿಮ್ಮನ್ನೇ ಕೊಂಚ ಗದರಬೇಕು. ಊಟದ ನಂತರದ ಆ ಎರಡು ಸಿಗರೇಟುಗಳನ್ನು ನೀವು ಎಷ್ಟು ಹಗುರವಾಗಿ ಬರೆದಿದ್ದೀರಿ! 2018ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ ಹೃದ್ರೋಗದ ಹೆಚ್ಚುವರಿ ಅಪಾಯ ಇಪ್ಪತ್ತು ಸೇದುವವರ ಅಪಾಯದ ಅರ್ಧದಷ್ಟಿರುತ್ತದೆ. ಇಪ್ಪತ್ತರಲ್ಲಿ ಒಂದು ಭಾಗವಲ್ಲ, ಅರ್ಧ! ಹೃದಯದ ಮಟ್ಟಿಗೆ ನಿಮ್ಮ ಎರಡು ವರ್ಷದ ಶ್ರಮದ ಬಹುಪಾಲನ್ನು ಆ ಎರಡು ಸಿಗರೇಟುಗಳು ತಿಂದುಹಾಕುತ್ತಿವೆ. ವೇಪ್‌ನ ಪರವಾಗಿ ನಾನು ಮೇಲೆ ಹೇಳಿದ್ದೆಲ್ಲ ಸಿಗರೇಟನ್ನು ಪೂರ್ತಿ ಬಿಟ್ಟವರಿಗೆ ಮಾತ್ರ ಅನ್ವಯ. ಅಂದಹಾಗೆ, ಎಂದೂ ಸಿಗರೇಟು ಮುಟ್ಟದವರು ಇದನ್ನೋದಿ ವೇಪ್ ಕೊಳ್ಳಲು ಹೊರಟರೆ ಅವರ ಪಾಲಿಗೆ ಇದರಲ್ಲಿ ಲಾಭವೇ ಇಲ್ಲ.

ಊಟ ಮುಗಿದ ಗಳಿಗೆಯಲ್ಲಿ ಕೈ ಸಿಗರೇಟಿನ ಪೆಟ್ಟಿಗೆಗೆ ಹೋಗುತ್ತದೆಯೆಂದರೆ ಆ ಹೊತ್ತಿಗೆ ನಿಮ್ಮ ದ್ರವದ ನಿಕೋಟಿನ್ ಸಾಲುತ್ತಿಲ್ಲ ಎಂದೇ ಅರ್ಥ. ಬೇಗ ಕಡಿಮೆ ಮಾಡಬೇಕೆಂಬ ಆತುರದಲ್ಲಿ ಹಲವರು ಎಡವುವುದು ಇಲ್ಲೇ. ಊಟದ ವೇಳೆಗೆ ಮಾತ್ರ ಒಂದು ಮೆಟ್ಟಿಲು ಹೆಚ್ಚಿನದನ್ನು ಇಟ್ಟುಕೊಳ್ಳಿ, ಬೇಕಿದ್ದರೆ ಜೊತೆಗೆ ಪಟ್ಟಿಯನ್ನೂ ಅಂಟಿಸಿಕೊಳ್ಳಿ; ಈ ಬಗ್ಗೆ ಧೂಮಪಾನ ಬಿಡಿಸುವ ಆಪ್ತಸಲಹೆಗಾರರ ಬಳಿ ಕೇಳಿ. ಸಿಗರೇಟು ಪೂರ್ತಿ ಹೋಗಿ ಕೆಲವು ತಿಂಗಳಾದ ಮೇಲೆ ನಿಕೋಟಿನ್ ಇಳಿಸುವ ಯೋಚನೆ ಮಾಡಿದರೆ ಸಾಕು. ಮುಂದಿನ ಪತ್ರದಲ್ಲಿ ಆ ಎರಡರ ಗತಿ ಏನಾಯಿತೆಂದು ಬರೆಯಿರಿ, ವೈದ್ಯರು ಏನೆಂದರು ಎಂಬುದನ್ನೂ ತಿಳಿಸಿ. ಆಗಲೂ ನಿಮ್ಮ ಹೆಸರು ಹಾಕುವುದಿಲ್ಲ.