ಮೆದುಳಿನ ರಕ್ತ, ಅಲ್ಟ್ರಾಸೌಂಡ್: ಕುಮಟಾದ ಲೇಖಕಿಗೆ ಸಂಪಾದಕರ ಉತ್ತರ

ನಮಸ್ಕಾರ ಮೇಡಂ,

ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದ ಶಬ್ದದ ಅಲೆ, ಬಳಸಿ ಮೆದುಳಿನ ಕೆಲಸ ನೋಡುವ ಬಗ್ಗೆ ನೀವು ಬರೆದ ‘ಯೋಚನೆ ಹಿಡಿಯುವ ಶಬ್ದ’ ಲೇಖನ ತಲುಪಿತು. ಶಿರಸಿಯ ನಮ್ಮ ಪತ್ರಿಕೆಗೆ ಇಂಥ ವಿಷಯ ಬರುವುದು ಅಪರೂಪ. ಖುಷಿಯಿಂದಲೇ ಓದಿದೆ. ಆದರೆ ಈಗ ಇರುವ ಹಾಗೆ ಪ್ರಕಟಿಸಲಾರೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ತದಡಿ ಬಂದರಿನ ಬೋಟಿನವರು ನೀರಿಗೆ ಶಬ್ದ ಕಳಿಸುವ ಫಿಶ್ ಫೈಂಡರ್ ಯಂತ್ರದಲ್ಲಿ ಮೀನು ಹುಡುಕುವ ಹಾಗೆ ಅಲ್ಟ್ರಾಸೌಂಡ್ ಮೆದುಳಿನಲ್ಲಿ ಯೋಚನೆ ಹುಡುಕುತ್ತದೆ ಎಂದು ಶುರು ಮಾಡಿದ್ದೀರಿ. ಓದಲು ಚೆನ್ನಾಗಿದೆ, ಆದರೆ ತಪ್ಪು. ಫಿಶ್ ಫೈಂಡರ್‌ಗೆ ಪ್ರತಿಧ್ವನಿ ಬರುವುದು ಮೀನಿನಿಂದಲೇ. ಇಲ್ಲಿ ಬರುವುದು ರಕ್ತನಾಳದಲ್ಲಿ ಓಡುವ ಕೆಂಪು ರಕ್ತಕಣಗಳಿಂದ, ನರಕೋಶದಿಂದ ಅಲ್ಲ. ನರಕೋಶ ಕೆಲಸ ಮಾಡಿರಬೇಕು ಎಂದು ರಕ್ತ ನೋಡಿ ಊಹಿಸುತ್ತಾರೆ. ಲೇಖನದ ಜೀವ ಇರುವುದೇ ಈ ಊಹೆಯಲ್ಲಿ. ಅದನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಅಲ್ಲಿ ಸ್ವಲ್ಪ ನಿಲ್ಲಿ. ಮೆದುಳಿನ ತೂಕ ದೇಹದ ಶೇ. 2ರಷ್ಟು. ಆದರೆ ನಾವು ಸುಮ್ನೆ ಕೂತಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಅದನ್ನು ಕೂಡಿಟ್ಟುಕೊಳ್ಳುವ ಶಕ್ತಿ ಮೆದುಳಿಗೆ ಅಷ್ಟಾಗಿ ಇಲ್ಲ. ಹಾಗಾಗಿ ಯಾವ ಭಾಗ ಚುರುಕಾಗುತ್ತದೋ ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗಿ ರಕ್ತ ಜಾಸ್ತಿ ಹರಿಯುತ್ತದೆ. ವಿಜ್ಞಾನಿಗಳಾದ ರಾಯ್ ಮತ್ತು ಶೆರಿಂಗ್ಟನ್ 1890ರಲ್ಲೇ ಇದನ್ನು ಹೇಳಿದ್ದರು. ನರಕೋಶದ ವಿದ್ಯುತ್ ಮಿಡಿತ ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ ಮುಗಿಯುತ್ತದೆ. ರಕ್ತದ ಹರಿವು ಸರಿಯಾಗಿ ಏರಲು ಒಂದೆರಡು ಸೆಕೆಂಡು ಬೇಕು. ಈ ತಡವನ್ನು ವಿವರಿಸಿ ನೋಡಿ, ‘ಯೋಚನೆಯ ನೇರ ಪ್ರಸಾರ’ ಎಂಬ ನಿಮ್ಮ ಉಪಶೀರ್ಷಿಕೆಯನ್ನು ನೀವೇ ಹೊಡೆದುಹಾಕುತ್ತೀರಿ.

ಇನ್ನು, ಎರಡು ಬೇರೆ ವಿಧಾನಗಳನ್ನು ಒಂದೇ ಎಂಬಂತೆ ಬರೆದಿದ್ದೀರಿ. ಮೊದಲನೆಯದು: 1982ರಲ್ಲಿ ಸಂಶೋಧಕ ರೂನ್ ಆಸ್ಲಿಡ್ ಮತ್ತು ಜೊತೆಗಾರರು ಕಣತಲೆಯ ತೆಳು ಎಲುಬಿನ ಮೂಲಕ ಶಬ್ದ ಕಳಿಸಿ, ಮೆದುಳಿನ ದೊಡ್ಡ ರಕ್ತನಾಳದಲ್ಲಿ ರಕ್ತದ ವೇಗ ಅಳೆದರು. ಇದು ಡಾಪ್ಲರ್ ವಿಧಾನ. ಕೊಂಕಣ ರೈಲು ನಿಮ್ಮೂರಲ್ಲೇ ಹಾದುಹೋಗುತ್ತದೆ. ಹಾರ್ನ್ ಹಾಕುತ್ತ ಹತ್ತಿರ ಬರುವಾಗ ಸ್ವರ ಎತ್ತರದಲ್ಲಿರುತ್ತದೆ, ದಾಟಿದ ಮೇಲೆ ಇಳಿಯುತ್ತದೆ, ಅಲ್ವಾ? ಅದೇ ಡಾಪ್ಲರ್ ಪರಿಣಾಮ. ಓಡುವ ರಕ್ತಕಣದ ಪ್ರತಿಧ್ವನಿಯ ಸ್ವರವೂ ಹೀಗೇ ಬದಲಾಗುತ್ತದೆ, ಅದರಿಂದ ವೇಗ ತಿಳಿಯುತ್ತದೆ. ಆದರೆ ಸಿಗುವುದು ವೇಗ ಮಾತ್ರ. ನೀವು ಅದನ್ನು ‘ರಕ್ತದ ಪ್ರಮಾಣ’ ಎಂದು ಬರೆದಿದ್ದೀರಿ. ನಾಳ ಹಿಗ್ಗಿದರೆ ವೇಗ, ಪ್ರಮಾಣ ಎರಡೂ ಒಂದೇ ಅಲ್ಲ. ಕಣ್ಣು ಮುಚ್ಚಿ ಕೂತವರು ಕಣ್ಣು ತೆರೆದಾಗ ಮೆದುಳಿನ ಹಿಂಭಾಗದ ರಕ್ತನಾಳದಲ್ಲಿ ವೇಗ ಏರುತ್ತದೆ. ಈ ಒಂದು ಉದಾಹರಣೆ ಕೊಡಿ, ಮೂರು ಪ್ಯಾರಾದ ಹೊಗಳಿಕೆ ಬೇಕಾಗುವುದಿಲ್ಲ.

ಎರಡನೆಯದು: ಪ್ಯಾರಿಸ್‌ನಲ್ಲಿ ಭೌತವಿಜ್ಞಾನಿ ಮಿಕಾಯೆಲ್ ತಾಂತೆರ್ ಅವರ ತಂಡ 2011ರಲ್ಲಿ ತೋರಿಸಿದ್ದು ಬೇರೆಯದೇ ದಾರಿ. ಮಾಮೂಲಿ ಸ್ಕ್ಯಾನಿಂಗ್ ಯಂತ್ರ ಚಿತ್ರವನ್ನು ಗೆರೆ ಗೆರೆಯಾಗಿ ಕಟ್ಟುತ್ತದೆ. ಇವರು ಇಡೀ ಜಾಗಕ್ಕೆ ಒಂದೇ ಸಲ ಅಲೆ ಕಳಿಸಿ, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದರು. ಇದರಿಂದ ಸಣ್ಣ ನಾಳಗಳ ಕ್ಷೀಣ ಹರಿವೂ ಕಾಣಿಸಿತು. ಇಲಿಯ ಮೀಸೆ ತಾಗಿಸಿದರೆ ಮೆದುಳಿನ ಯಾವ ಭಾಗಕ್ಕೆ ರಕ್ತ ನುಗ್ಗುತ್ತದೆ ಎಂದು ನೋಡಿದರು.

ತಲೆಬುರುಡೆಯ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಇದು ದೊಡ್ಡ ಕೊರತೆ. ದಪ್ಪ ಎಲುಬು ಶಬ್ದವನ್ನು ಹೀರುತ್ತದೆ, ಕದಡುತ್ತದೆ. ದೊಡ್ಡವರಲ್ಲಿ ಆ ಸೂಕ್ಷ್ಮ ಚಿತ್ರ ತೆಗೆಯಲು ಇದೇ ಅಡ್ಡಿ. ಹಸುಗೂಸಿನ ನೆತ್ತಿ ಇನ್ನೂ ಮೆತ್ತಗಿರುತ್ತದೆ. ನಮ್ಮ ಅಜ್ಜಿಯಂದಿರು ಎಣ್ಣೆ ಇಡುವ ಅದೇ ಜಾಗದಿಂದ ಪ್ಯಾರಿಸ್ ತಂಡ 2017ರಲ್ಲಿ ನವಜಾತ ಶಿಶುಗಳ ಮೆದುಳು ನೋಡಿತು. ನಿದ್ದೆಯ ಹಂತ ಬದಲಾಗುವುದು, ಅಪಸ್ಮಾರದ ಸೆಳೆತ, ಎರಡೂ ರಕ್ತದ ಹರಿವಿನಲ್ಲಿ ಕಂಡವು. ನಾನಾಗಿದ್ದರೆ ಲೇಖನವನ್ನು ಇಲ್ಲಿಂದಲೇ ಶುರು ಮಾಡುತ್ತಿದ್ದೆ.

‘ಇನ್ನು ಯಾವ ಸ್ಕ್ಯಾನಿಂಗ್ ಸೆಂಟರಿನಲ್ಲೂ ಮಗುವಿನ ಬುದ್ಧಿ ತಿಳಿಯಬಹುದು’ ಎಂಬ ಕೊನೆಯ ಸಾಲನ್ನು ದಯವಿಟ್ಟು ತೆಗೆಯಿರಿ. ನಮ್ಮ ಓದುಗರಲ್ಲಿ ಎಷ್ಟೋ ಜನ ದೊಡ್ಡ ಚಿಕಿತ್ಸೆಗೆ ಸಾಲ ಮಾಡಿಕೊಂಡು ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡುವವರು. ಓದಿನಲ್ಲಿ ಹಿಂದಿರುವ ಮಗುವನ್ನು ಕರೆದುಕೊಂಡು ಒಬ್ಬ ತಾಯಿ ಈ ಸಾಲು ನಂಬಿ ಹೊರಟರೆ ಅದಕ್ಕೆ ನೀವೂ ನಾನೂ ಹೊಣೆ.

ನಿಮ್ಮ ಭಾಷೆ ಸರಳವಾಗಿದೆ, ಕುತೂಹಲ ನಿಜವಾದದ್ದು. ಅದಕ್ಕೇ ಇಷ್ಟು ಬರೆದೆ. ಮಳೆಗಾಲದ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ತಿದ್ದಿದ ಪ್ರತಿ ಕಳಿಸುವ ಮೊದಲು ಪರಿಚಯದ ರೇಡಿಯಾಲಜಿ ಡಾಕ್ಟರಿಗೆ ಒಮ್ಮೆ ತೋರಿಸಿ.