ಒರೆಗಲ್ಲು: ತೂಕ ಜಾಸ್ತಿ ಬಂದರೆ ನಾಣ್ಯ ನಕಲಿಯೇ?

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿದೇಶಿ ಚಿನ್ನದ ನಾಣ್ಯಗಳ ಬಗ್ಗೆಯೇ ಇವೆ. ಆಭರಣದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ಮೊದಲು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಭಾವ ಡರ್ಬನ್‌ನಲ್ಲಿ ಎಂಟು ವರ್ಷ ಕೆಲಸ ಮಾಡಿ ಬಂದವರು. ಅವರು ತೀರಿಕೊಂಡ ಮೇಲೆ ಅಕ್ಕನ ಕಪಾಟಿನಲ್ಲಿ ದಕ್ಷಿಣ ಆಫ್ರಿಕಾದ ನಾಲ್ಕು ಚಿನ್ನದ ನಾಣ್ಯ, ಕ್ರೂಗರ್‌ರಾಂಡ್, ಸಿಕ್ಕಿವೆ. ಒಂದು ಅಂಗಡಿಯವರು ತೂಕವನ್ನೂ ಮಾಡದೆ, "ಒಂದು ಔನ್ಸ್, ಅಂದರೆ 31.1 ಗ್ರಾಂ. ಆದರೆ 22 ಕ್ಯಾರೆಟ್, ಅದಕ್ಕೆ ತಕ್ಕಂತೆ ಕಳೆಯಬೇಕು" ಎಂದರು. ಇನ್ನೊಬ್ಬರು ತಕ್ಕಡಿಗಿಟ್ಟು, "33.9 ಬರ್ತಾ ಇದೆ, ಡೂಪ್ಲಿಕೇಟ್" ಎಂದು ವಾಪಸ್ ಕೊಟ್ಟರು. ಅಕ್ಕ ಹೆದರಿದ್ದಾಳೆ. ಯಾರ ಮಾತು ಸರಿ?
— ಪುತ್ತೂರಿನ ಓದುಗರು

ಉತ್ತರ: ಇಬ್ಬರದೂ ತಪ್ಪು. ಅಕ್ಕನಿಗೆ ಮೊದಲು ಧೈರ್ಯ ಹೇಳಿ.

ಜಿಂಕೆ ಇರುವ ಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಆಫ್ರಿಕಾನ್ಸ್‌ನಲ್ಲೂ ಇಂಗ್ಲಿಷಿನಲ್ಲೂ ಒಂದು ಔನ್ಸ್ "ಅಪ್ಪಟ ಚಿನ್ನ" ಎಂದು ಬರೆದಿದೆ. ನಾಣ್ಯದ ತೂಕ ಒಂದು ಔನ್ಸ್ ಎಂದು ಎಲ್ಲೂ ಹೇಳಿಲ್ಲ. 31.1 ಗ್ರಾಂ ಅಪ್ಪಟ ಚಿನ್ನಕ್ಕೆ ಸುಮಾರು 2.8 ಗ್ರಾಂ ತಾಮ್ರ ಬೆರೆಸಿ ಮಾಡಿದ ನಾಣ್ಯ ಅದು, ಒಟ್ಟು ತೂಕ 33.93 ಗ್ರಾಂ. ಆ ಕೆಂಪು ಛಾಯೆ ತಾಮ್ರದ್ದೇ. ಮೊದಲ ಅಂಗಡಿಯವರು, ಆಗಲೇ ಅಪ್ಪಟವಾಗಿರುವ 31.1 ಗ್ರಾಂನಿಂದ ಮತ್ತೊಮ್ಮೆ ತಾಮ್ರ ಕಳೆದಿದ್ದಾರೆ. ಒಂದು ನಾಣ್ಯಕ್ಕೆ ಹತ್ತಿರ ಹತ್ತಿರ 2.6 ಗ್ರಾಂ, ನಾಲ್ಕಕ್ಕೆ ಹತ್ತು ಗ್ರಾಂ ದಾಟುತ್ತದೆ. ಒಂದು ಉಂಗುರ, ಒಂದು ಜೊತೆ ಓಲೆಯ ಚಿನ್ನ ಲೆಕ್ಕದಲ್ಲೇ ಮಾಯ! ಎರಡನೆಯವರ ತಕ್ಕಡಿ ಸರಿಯಾಗಿಯೇ ತೋರಿಸಿದೆ. ನಿಜ ಹೇಳಬೇಕೆಂದರೆ, ಸರಿಯಾಗಿ 31.1 ಗ್ರಾಂ ತೂಗುವ ಒಂದು ಔನ್ಸಿನ ಕ್ರೂಗರ್‌ರಾಂಡ್ ಬಂದರೆ ನಾನು ಅನುಮಾನಪಡುತ್ತೇನೆ.

ಇವರನ್ನು ಮೋಸಗಾರರು ಎನ್ನಲು ನನಗೆ ಮನಸ್ಸಿಲ್ಲ. ಬ್ಯಾಂಕಿನಲ್ಲಿ ಚಿನ್ನದ ಪರೀಕ್ಷಕನಾಗಿ ಸೇರಿದ ಹೊಸದರಲ್ಲಿ ಒಬ್ಬ ಗ್ರಾಹಕರು ಇದೇ ನಾಣ್ಯ ತಂದು ನನ್ನ ಮುಂದಿಟ್ಟಾಗ ನಾನೂ ತೂಕ ನೋಡಿ ತಡವರಿಸಿದ್ದೆ. ಮರುದಿನ ಬರಹೇಳಿ, ಅವರನ್ನು ಉಡುಪಿಯ ರಥಬೀದಿಯಲ್ಲಿದ್ದ ಅಪ್ಪನ ಕೆಲಸದ ಮನೆಗೆ ಕರೆದುಕೊಂಡು ಹೋದೆ. ಅಪ್ಪ ನಾಣ್ಯವನ್ನು ಒರೆಗೆ ಹಚ್ಚಲೇ ಇಲ್ಲ. "ಅಚ್ಚಿನ ಮೈಗೆ ಗೀರು ಹಾಕಬಾರದು" ಎಂದು ಒಂದು ಲೋಟ ನೀರು ತರಿಸಿದರು.

ಆ ನೀರಿನ ಪರೀಕ್ಷೆಯನ್ನು ನೀವೇ ಮನೆಯಲ್ಲಿ ಮಾಡಬಹುದು. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಅದರ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ಇಳಿಬಿಡಿ. ಗುಳ್ಳೆ ಅಂಟಿದ್ದರೆ ದಾರವನ್ನು ಮೆಲ್ಲಗೆ ಅಲ್ಲಾಡಿಸಿ. ತಕ್ಕಡಿ 1.93ರ ಆಸುಪಾಸು ನಿಲ್ಲಬೇಕು. ಹಿತ್ತಾಳೆಗೆ ಚಿನ್ನದ ನೀರು ಕುಡಿಸಿದ ಅಷ್ಟೇ ತೂಕದ ನಾಣ್ಯವಾದರೆ ಇದರ ಎರಡು ಪಟ್ಟು ದಾಟುತ್ತದೆ.

ಈ ನಾಣ್ಯ ಶುರುವಾದದ್ದು 1967ರಲ್ಲಿ. ದಕ್ಷಿಣ ಆಫ್ರಿಕಾ ತನ್ನ ಗಣಿಗಳ ಚಿನ್ನವನ್ನು ಜನಸಾಮಾನ್ಯರ ಕೈಗೆ ಮಾರಲು ಮಾಡಿದ ಉಪಾಯ. ಅದರ ಮೇಲೆ ಮುಖಬೆಲೆಯೇ ಇಲ್ಲ. ಆ ದಿನದ ಚಿನ್ನದ ದರವೇ ಅದರ ಬೆಲೆ. ವರ್ಣಭೇದ ನೀತಿಯ ಕಾರಣಕ್ಕೆ 1985ರಲ್ಲಿ ಅಮೆರಿಕ ಅದರ ಆಮದನ್ನು ನಿಲ್ಲಿಸಿತು, ಮರುವರ್ಷವೇ ತನ್ನ ಈಗಲ್ ನಾಣ್ಯವನ್ನು ಹೊರತಂದಿತು. ಈಗಲ್ ಕೂಡ 22 ಕ್ಯಾರೆಟ್, 33.93 ಗ್ರಾಂ. ಆದ್ದರಿಂದ ಅಮೆರಿಕದಿಂದ ಈಗಲ್ ತಂದವರಿಗೂ ಇದೇ ಲೆಕ್ಕ.

ಮಾರುವುದಿದ್ದರೆ ಅಂಗಡಿಯಲ್ಲಿ ಹೀಗೆ ಕೇಳಿ: "ಇದರಲ್ಲಿ 31.1 ಗ್ರಾಂ ಅಪ್ಪಟ ಚಿನ್ನ ಇದೆ. ಇವತ್ತಿನ 24 ಕ್ಯಾರೆಟ್ ದರದಲ್ಲಿ ನೀವು ಎಷ್ಟು ಕಳೆದು ಕೊಡುತ್ತೀರಿ?" ಒಪ್ಪದಿದ್ದರೆ ನಿಮ್ಮೆದುರೇ ಕರಗಿಸಿ ಟಂಚ್, ಅಂದರೆ ಶುದ್ಧತೆಯ ಪ್ರಮಾಣ, ತೆಗೆಯುವವರ ಹತ್ತಿರ ಮಂಗಳೂರಿಗೆ ಹೋಗಿ. ಅವಸರವಿಲ್ಲದಿದ್ದರೆ ಮಾರಲೇಬೇಡಿ. ಜೋಹಾನ್ಸ್‌ಬರ್ಗ್‌ನಲ್ಲೋ ಲಂಡನ್ನಿನಲ್ಲೋ ಅದಕ್ಕೆ ನಾಣ್ಯದ ಬೆಲೆ ಸಿಗುತ್ತದೆ, ನಮ್ಮಲ್ಲಿ ಸಿಗುವುದು ಗಟ್ಟಿಯ ಬೆಲೆ.

ಪ್ರಶ್ನೆ: ಮಗಳು ಹುಟ್ಟಿದಾಗಿನಿಂದ ವರ್ಷಕ್ಕೊಂದು ಮೇಪಲ್ ಲೀಫ್, ಕೆನಡಾದ ಚಿನ್ನದ ನಾಣ್ಯ, ಕೊಳ್ಳುತ್ತಿದ್ದೇವೆ. ಊರಿನಲ್ಲಿ ಅಮ್ಮ, "ಅಲ್ಲಿ ಯಾಕೆ, ಇಲ್ಲಿ ತಂದಿಡಿ" ಎನ್ನುತ್ತಾರೆ. ತರಬಹುದೇ?
— ಟೊರಾಂಟೋದಿಂದ, ಮೂಲತಃ ಶಿರಸಿಯವರು

ಉತ್ತರ: ಅಮ್ಮನ ಆಸೆ ಅರ್ಥವಾಗುತ್ತದೆ. ಆದರೆ ಅಲ್ಲೇ ಇಡಿ.

ವಿದೇಶದಲ್ಲಿದ್ದು ಬರುವವರಿಗೆ ಇರುವ ಸುಂಕದ ವಿನಾಯಿತಿ ಆಭರಣಕ್ಕೆ ಮಾತ್ರ, ನಾಣ್ಯಕ್ಕಲ್ಲ. ಒಂದೇ ಒಂದು ನಾಣ್ಯ ತಂದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಿ ಸುಂಕ ಕಟ್ಟಬೇಕು. ಕಟ್ಟಿ ತಂದ ಮೇಲೂ ಶಿರಸಿಯ ಅಂಗಡಿಯಲ್ಲಿ ಅದು ಬರೀ ಚಿನ್ನ. ನೀವು ಕೊಳ್ಳುವಾಗ ಚಿನ್ನದ ದರದ ಮೇಲೆ ಕೊಟ್ಟ ಹೆಚ್ಚಿನ ಹಣ ಇಲ್ಲಿ ಕರಗಿಹೋಗುತ್ತದೆ. ಟೊರಾಂಟೋದಲ್ಲಾದರೆ ಯಾವ ನಾಣ್ಯ ವ್ಯಾಪಾರಿಯೂ ಅದನ್ನು ನೋಡಿದ ಕೂಡಲೇ ಗುರುತಿಸುತ್ತಾನೆ.

ಮೇಪಲ್ ಲೀಫ್ 1979ರಲ್ಲಿ ಬಂತು. 1982ರ ಕೊನೆಯಿಂದ 99.99 ಶುದ್ಧ. ಅಷ್ಟು ಶುದ್ಧ ಚಿನ್ನ ಮೆತ್ತಗಿರುತ್ತದೆ, ಉಗುರಿನ ಅಂಚು ಜೋರಾಗಿ ತಾಗಿದರೂ ಗುರುತು ಬೀಳಬಹುದು. ಪ್ಲಾಸ್ಟಿಕ್ ಕವಚದಿಂದ ತೆಗೆಯಬೇಡಿ. ಮಗಳಿಗೆ ತೋರಿಸುವಾಗಲೂ ಕವಚದ ಮೇಲಿಂದಲೇ ತೋರಿಸಿ. ಈಚಿನ ವರ್ಷಗಳ ನಾಣ್ಯದಲ್ಲಿ ದೊಡ್ಡ ಎಲೆಯ ಪಕ್ಕ ಒಂದು ಪುಟಾಣಿ ಎಲೆ ಇದೆ. ಭೂತಗನ್ನಡಿ ಹಿಡಿದರೆ ಅದರೊಳಗೆ ಇಸವಿಯ ಕೊನೆಯ ಎರಡು ಅಂಕಿ ಕಾಣುತ್ತವೆ. ಆ ಪುಟ್ಟ ಕಣ್ಣುಗಳಿಗೆ ಇದೊಂದು ಒಳ್ಳೆಯ ಆಟ.

ಪುತ್ತೂರಿನವರಿಗೆ ಹೇಳಿದ ನೀರಿನ ಪರೀಕ್ಷೆಯನ್ನೇ ನಂಬಿ ಕಂಡಕಂಡವರಿಂದ ಮೇಪಲ್ ಕೊಳ್ಳಬೇಡಿ. ಟಂಗ್‌ಸ್ಟನ್ ಲೋಹದ ಸಾಂದ್ರತೆ 19.25, ಚಿನ್ನದ್ದು 19.3. ಒಳಗೆ ಟಂಗ್‌ಸ್ಟನ್ ತುಂಬಿದರೆ ನೀರಿಗೆ ಗೊತ್ತಾಗುವುದಿಲ್ಲ. ಅಂಗಡಿಗಳ ಕ್ಯಾರೆಟ್ ಮೀಟರ್ ಕೂಡ ನೋಡುವುದು ಮೇಲಿನ ಪದರವನ್ನಷ್ಟೇ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದೇನೆ. ಚಿನ್ನದ ನಾಣ್ಯದಲ್ಲಿ ಬ್ರಿಟಾನಿಯಾ ಒಳ್ಳೆಯದೋ, ಪಾಂಡಾ ಒಳ್ಳೆಯದೋ?
— ಲೆಸ್ಟರ್

ಉತ್ತರ: ಅಲ್ಲಿ ನೆಲೆಸಿರುವಷ್ಟು ಕಾಲ ಬ್ರಿಟಾನಿಯಾ, ಇಲ್ಲವೇ ನಮ್ಮವರು ಪವನ್ ಎನ್ನುವ ಸಾವರಿನ್. ಇವೆರಡೂ ಅಲ್ಲಿನ ಅಧಿಕೃತ ಹಣ, ಆದ್ದರಿಂದ ಮಾರಿದಾಗ ಬರುವ ಲಾಭಕ್ಕೆ ಆ ದೇಶದ ಬಂಡವಾಳ ಲಾಭ ತೆರಿಗೆ ಇಲ್ಲ. ಚೀನಾದ ಪಾಂಡಾಕ್ಕೆ ಆ ಅನುಕೂಲವಿಲ್ಲ. ಪಾಂಡಾ 2016ರಿಂದ ಔನ್ಸ್ ಬಿಟ್ಟು 30 ಗ್ರಾಂ ಆಗಿದೆ, ಬೆಲೆ ಹೋಲಿಸುವಾಗ ಆ ಒಂದು ಗ್ರಾಂ ಮರೆಯಬೇಡಿ.

ಪ್ರಶ್ನೆ: ಬ್ಯಾಂಕಿನಲ್ಲಿ ಕೊಂಡ ನಾಣ್ಯವನ್ನು ಅದೇ ಬ್ಯಾಂಕಿಗೆ ಮಾರಬಹುದೇ?
— ದಾವಣಗೆರೆ

ಉತ್ತರ: ಆಗದು. ಬ್ಯಾಂಕುಗಳು ನಾಣ್ಯ ಮರಳಿ ಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲ. ನನ್ನ ಮೇಜಿನ ಮುಂದೆ ಇದನ್ನು ಕೇಳಿ ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಅಶೋಕ ಚಕ್ರದ ಭಾರತೀಯ ಚಿನ್ನದ ನಾಣ್ಯ 2015ರಲ್ಲಿ ಬಂತು. ಹಾಲ್‌ಮಾರ್ಕ್ ಇರುವ ಅಂಥ ನಾಣ್ಯವನ್ನು, ವಾಪಸ್ ಕೊಳ್ಳುವ ಷರತ್ತನ್ನು ಬರಹದಲ್ಲಿ ಕೊಡುವವರ ಬಳಿಯೇ ಕೊಳ್ಳಿ.

ಪ್ರಶ್ನೆ: ನಮ್ಮ ಅಜ್ಜಿಯ ಪತ್ತಾಕ್‌ನಲ್ಲಿ (ಕೊಡವರ ಸರದ ಪದಕ) 1918ರ ಪವನ್ ಇದೆ. ಅದನ್ನು ಬಿಡಿಸಿ ಹೊಸ ನಾಣ್ಯ ಕೂರಿಸಿದರೆ ಹೊಳಪು ಬರುತ್ತದೆ ಎನ್ನುತ್ತಾರೆ ಅಕ್ಕಸಾಲಿಗರು. ಸಂಬಂಧಿಕರೊಬ್ಬರು ಹಳೆಯದನ್ನು ತಾವೇ ಕೊಳ್ಳುತ್ತೇವೆ ಎಂದಿದ್ದಾರೆ.
— ವಿರಾಜಪೇಟೆ

ಉತ್ತರ: ಬಿಡಿಸಬೇಡಿ. ಪತ್ತಾಕನ್ನು ಹಿಂದಕ್ಕೆ ತಿರುಗಿಸಿ. ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲುವ ಸೇಂಟ್ ಜಾರ್ಜ್ ಕಾಣುತ್ತಾನೆ. ಇಟಲಿಯ ಪಿಸ್ಟ್ರೂಚಿ 1817ರಲ್ಲಿ ಮಾಡಿಕೊಟ್ಟ ಅಚ್ಚು ಅದು. ಕುದುರೆಯ ಕಾಲಕೆಳಗೆ, ಇಸವಿಯ ಸ್ವಲ್ಪ ಮೇಲೆ, ನೆಲದ ಗೆರೆಯ ನಡುವೆ ಒಂದು ಸಣ್ಣ ಅಕ್ಷರ ಇದೆಯೇ ನೋಡಿ. "ಪಿ" ಇದ್ದರೆ ಪರ್ತ್, "ಎಸ್" ಇದ್ದರೆ ಸಿಡ್ನಿ. "ಐ" ಇದ್ದರೆ ಇಂಡಿಯಾ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಲಂಡನ್ನಿನ ಟಂಕಸಾಲೆ ಬೊಂಬಾಯಿಯಲ್ಲಿ ಶಾಖೆ ತೆರೆದು ಸಾವರಿನ್ ಅಚ್ಚು ಹಾಕಿದ್ದು ಆ ಒಂದೇ ಇಸವಿಯದು. 1919ರಲ್ಲಿ ಬಾಗಿಲು ಹಾಕಿತು. ಆಮೇಲೆ ನಮ್ಮ ನೆಲದಲ್ಲಿ "ಐ" ಗುರುತಿನ ಸಾವರಿನ್ ಮತ್ತೆ ಬಂದದ್ದು 2013ರಲ್ಲಿ.

ನಾಣ್ಯದ ತೂಕ 7.98 ಗ್ರಾಂ, ಅದರಲ್ಲಿ ಅಪ್ಪಟ 7.32. ಸಂಬಂಧಿಕರು ಕೊಡುವುದು ಬಹುಶಃ ಇಷ್ಟರ ಬೆಲೆ. ಅಕ್ಷರ ಏನೇ ಇರಲಿ, ಅಂಚಿನ ಕೆಂಪು ಕಲ್ಲುಗಳನ್ನೂ ಮೇಲಿನ ಹೆಡೆಯನ್ನೂ ಆ ನಾಣ್ಯದ ಅಳತೆಗೇ ಕೂರಿಸಿರುತ್ತಾರೆ. ಹೊಳಪು ಬೇಕಿದ್ದರೆ ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಮೆತ್ತನೆಯ ಬಟ್ಟೆ ಸಾಕು. ಕಲ್ಲಿನ ಹಿಂಭಾಗದಲ್ಲಿ ಅರಗು ಇರಬಹುದು, ನೀರಿನಲ್ಲಿ ಮುಳುಗಿಸಬೇಡಿ, ಬಟ್ಟೆ ಒದ್ದೆ ಮಾಡಿ ಒರೆಸಿ. ಅಕ್ಷರ ಯಾವುದು ಕಂಡಿತು ಎಂದು ನನಗೂ ಒಂದು ಕಾಗದ ಹಾಕಿ.